ಸೌಡಕ್ಕನ ಮನೆವ್ಯಾನು

ಸೌಡಕ್ಕ ಬೈಯಲು ತೊಡಗಿದರೆ ನಡುವೆ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಕನ್ನಡದಲ್ಲಿ ಶುರುವಾದದ್ದು ಅರ್ಧಕ್ಕೆ ತಮಿಳಿಗೆ ಹೊರಳಿ, ಅಲ್ಲಿ ಒಂದು ಸುತ್ತು ಹೊಡೆದು, ಮತ್ತೆ ಕನ್ನಡಕ್ಕೆ ಬಂದು ನಿಲ್ಲುವ ತನಕ ಎಲ್ಲವೂ ಒಂದೇ ಉಸಿರು. "ಲೋ ಲಿಂಗೂ, ಬಾಗ್ಲು ತೆಗೆದಾಕಿ ಎಲ್ಲೋ ಹೋಗಿದ್ದೆ, ನಾಯಿ ಬಂದು ಹಾಲು ಕುಡಿದ್ರೆ ಕಾಪಿಗೆ ಏನು ನಿನ್ನ ಮೂತಿ ಕರೆದು ಹಾಕ್ಲಾ, ಅರಿವಿರುಕ್ಕಾ ಉನಕ್ಕು, ಬಂದು ಕೂತ್ಕೋ, ಇಡ್ಲಿ ಆರೋಗ್ತದೆ!" ಇದು ಒಂದು ವಾಕ್ಯ; ನಡುವಿನ ತಮಿಳು, ಬುದ್ಧಿ ಇದೆಯಾ ನಿನಗೆ ಎಂದು. ಕೊನೆಗೆ ಇಡ್ಲಿ ಬಂದೇ ಬರುತ್ತಿತ್ತು.

ಅವಳು ನನ್ನ ಒಡಹುಟ್ಟಿದ ಅಕ್ಕ. ಹೆಸರು ಚೌಡೇಶ್ವರಿ. ಕೊಯಮತ್ತೂರಿನ ಶಾಲೆಯಲ್ಲಿ ಅದು ಸೌಡೇಶ್ವರಿ ಆಯಿತು, ಮನೆಯಲ್ಲೂ ಹಾಗೇ ಉಳಿಯಿತು. ನಾವು ನೇಯ್ಗೆಯವರು. ಎಷ್ಟು ತಲೆಮಾರಿನ ಹಿಂದೆ ಇತ್ತ ಬಂದೆವೋ ಮನೆಯಲ್ಲಿ ಹೇಳುವವರಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಪ್ಪನ ಮಗ್ಗ ನಿಂತ ವರ್ಷ ಅಕ್ಕ ಊರಂಚಿನ ಕುರಿಚಿಯ ಒಂದು ಸ್ಟೆಬಿಲೈಸರ್ ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಸೇರಿದಳು. ನೂಲು ಸುತ್ತಿದ ಕೈಗೆ ತಂತಿ ಸುತ್ತುವುದು ಕಷ್ಟವಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಆ ವಿಭಾಗದ ಹೆಂಗಸರಿಗೆಲ್ಲ ಸೂಪರ್‌ವೈಸರ್ ಆದಳು. ಮದುವೆ ಆಗಲಿಲ್ಲ. ಯಾರಾದರೂ ಕೇಳಿದರೆ, "ಬಂದೋರೆಲ್ಲ ಮಾತು ಮುಗಿಯೋಕ್ ಮುಂಚೆ ಎದ್ದೋದ್ರು" ಅನ್ನುತ್ತಿದ್ದಳು. ನನ್ನನ್ನು ಓದಿಸಿದಳು. ನಾನು ಓದಿ ಗಾಂಧಿಪುರಂನ ಜವಳಿ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುವವನಾದೆ. ಚಾಮರಾಜನಗರದ ಪದ್ಮಳನ್ನು ನನಗೆ ಹುಡುಕಿ ತಂದವಳೂ ಅವಳೇ. ಕನ್ನಡ ಅಕ್ಷರ ನನಗೆ ಕಲಿಸಿದ್ದು ಪದ್ಮ. ಇಲ್ಲದಿದ್ದರೆ ಇದನ್ನು ಬರೆಯಲೂ ನನ್ನಿಂದ ಆಗುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಅವಳು ಎಂಥವಳು ಎಂದು ನನಗೆ ತಿಳಿದದ್ದು ಅವಳ ಕೈಕೆಳಗೆ ಕೆಲಸ ಮಾಡಿದ ವಳ್ಳಿಯ ಬಾಯಿಂದ. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಳ್ಳಿಯ ಜಡೆ ಸುತ್ತುವ ಯಂತ್ರಕ್ಕೆ ಸಿಕ್ಕಿಕೊಂಡಿತು. ಪಕ್ಕದವರು ಕಿರುಚುತ್ತ ನಿಂತರೆ, ಅಕ್ಕ ತಂತಿ ಕತ್ತರಿಸುವ ಕತ್ತರಿ ಹಿಡಿದು ಬಂದು ಕಿವಿಯ ಹತ್ತಿರಕ್ಕೇ ಜಡೆಯನ್ನು ಕಚಕ್ಕನೆ ಕತ್ತರಿಸಿ ಅವಳನ್ನು ಹಿಂದಕ್ಕೆ ಎಳೆದಳಂತೆ. ಆಮೇಲೆ ಜಡೆ ಕಟ್ಟದೆ ಬಿಟ್ಟದ್ದಕ್ಕೆ ಇಡೀ ವಿಭಾಗಕ್ಕೆ ಬೈಗುಳ. ಸಂಜೆ ಅಳುತ್ತಿದ್ದ ವಳ್ಳಿಯನ್ನು ಮನೆತನಕ ಬಿಟ್ಟು, ಅವಳ ತಾಯಿಗೆ, "ಕೂದಲು ವಳರುಂ, ತಲೆ ವಳರಾದು" ಎಂದು ಹೇಳಿ ಬಂದಳಂತೆ. ಕೂದಲು ಬೆಳೆಯುತ್ತೆ, ತಲೆ ಬೆಳೆಯಲ್ಲ.

ನಿವೃತ್ತಿಯಾದ ಮೇಲೆ ಅವಳ ಕಾಲಿನಿಂದ ಚಪ್ಪಲಿ ಜಾರತೊಡಗಿತು. ಹೊಸ ಚಪ್ಪಲಿ ತಂದರೆ ಅದೂ ಜಾರಿತು. ಆಮೇಲೆ ಮೆಟ್ಟಿಲು ಹತ್ತಲಾಗಲಿಲ್ಲ, ಆಮೇಲೆ ಲೋಟ ಎತ್ತಲಾಗಲಿಲ್ಲ. ದೊಡ್ಡಾಸ್ಪತ್ರೆಯ ನರದ ಡಾಕ್ಟರು ಕಾಯಿಲೆಯ ಉದ್ದನೆಯ ಹೆಸರು ಹೇಳಿ, ಇದಕ್ಕೆ ಗುಣವಾಗುವ ಮದ್ದಿಲ್ಲ, ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ, ಉಸಿರಿನ ಸ್ನಾಯುವೂ ಸೋಲುತ್ತದೆ, ಆಗ ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಗಾಳಿ ಒತ್ತುವ ಮೆಷಿನ್ ಬೇಕಾಗುತ್ತದೆ ಎಂದರು. ನಾನು ಎಷ್ಟು ದಿನ ಎಂದು ಕೇಳಲು ಬಾಯಿ ತೆರೆದಿದ್ದೆ. ಅಕ್ಕ ತಡೆದಳು. "ಎಷ್ಟು ದಿನ ಅಂತ ಕೇಳಬ್ಯಾಡ. ಆ ಮೆಷಿನ್ ಎಷ್ಟು ವಾಟ್ಸು ಅಂತ ಕೇಳು."

ವರ್ಷ ಕಳೆಯುವಷ್ಟರಲ್ಲಿ ಮೆಷಿನ್ ಬಂತು. ಮೊದಲು ನಿದ್ದೆಗೆ, ಆಮೇಲೆ ಹಗಲಿಗೂ. ಒಮ್ಮೆ ಕಫ ಕಟ್ಟಿ ತೀವ್ರ ನಿಗಾ ಘಟಕದಲ್ಲಿ ಮಲಗಿದ್ದಳು. ಪಕ್ಕದ ಹಾಸಿಗೆಯಲ್ಲಿ ಕೊರಳಿಗೆ ತೂತು ಮಾಡಿ ಕೊಳವೆ ಇಳಿಸಿದ್ದ ಒಬ್ಬರನ್ನು ಹಗಲೆಲ್ಲ ನೋಡಿದಳು. ಮನೆಗೆ ಬಂದ ದಿನವೇ ನಮ್ಮಿಬ್ಬರನ್ನೂ ಹತ್ತಿರ ಕೂರಿಸಿಕೊಂಡು, "ಕೊರಳಲ್ಲಿ ಓಟೆ ಹಾಕ್ಸಿ ನನ್ನನ್ನ ಅಲ್ಲಿ ಬಿಡಬ್ಯಾಡಿ. ಇನ್ನೊಂದ್ಸಲ ಆ ಬಾಗ್ಲು ದಾಟಿದ್ರೆ ನಾನು ವಾಪಸ್ಸು ಬರಲ್ಲ. ಸತ್ಯ ಮಾಡಿ" ಎಂದಳು. ನಾನು ಕೈಮೇಲೆ ಕೈಯಿಟ್ಟೆ. ಪದ್ಮ ಇಟ್ಟಳು, ಆದರೆ ಮುಖ ಬೇರೆ ಕಡೆ ತಿರುಗಿಸಿದ್ದಳು.

ವ್ಯಾನಿನ ಯೋಚನೆ ಅವಳದೇ. ಜತೆಗೆ ಕೆಲಸ ಮಾಡಿದ ಹೆಂಗಸರು ಈಗ ಧಾರಾಪುರ, ಕಾಂಗೇಯಂ, ಉಡುಮಲೆ, ಕಾರಮಡೈ ಎಂದು ಎಲ್ಲೆಲ್ಲೋ ಚೆದರಿದ್ದರು. ಎಲ್ಲರನ್ನೂ ಒಂದು ಸಲ ನೋಡಬೇಕು ಎಂದಳು. ಅವರನ್ನೇ ಕರೆಸೋಣ ಎಂದೆ. "ಅವರು ಬಂದ್ರೆ ನಾನು ರೋಗಿ. ನಾನು ಹೋದ್ರೆ ನಾನು ವಿರುಂದಾಳಿ" ಎಂದಳು. ವಿರುಂದಾಳಿ ಎಂದರೆ ಅತಿಥಿ.

ಹಳೆಯ ಶಾಲಾ ವ್ಯಾನೊಂದನ್ನು ಕೊಂಡು, ಕುರಿಚಿಯ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅದನ್ನು ಪುಟ್ಟ ಮನೆ ಮಾಡಿಸಿದೆವು. ಕಿಟಕಿಯ ಮಟ್ಟಕ್ಕೆ ಹಾಸಿಗೆ, ಒಂದು ಒಲೆ, ಸಣ್ಣ ಫ್ರಿಜ್ಜು, ಕೈತೊಳೆಯುವ ಬೇಸಿನ್ನು. ಹಾಸಿಗೆಯ ಅಡಿಯಲ್ಲಿ ಎರಡು ದೊಡ್ಡ ಬ್ಯಾಟರಿ, ಅದರ ಕರೆಂಟನ್ನು ಮನೆಯ ಕರೆಂಟಿನಂತೆ ಮಾಡಿ ಕೊಡುವ ಇನ್ವರ್ಟರು, ಪಕ್ಕದಲ್ಲಿ ಒಂದು ಚಾರ್ಜರು. ಎಲ್ಲಾದರೂ ತಂಗಿದಾಗ ಆ ಮನೆಯ ಪ್ಲಗ್ಗಿಗೆ ವೈರು ಕೊಟ್ಟರೆ ಅಕ್ಕನ ಮೆಷಿನ್ ನೇರವಾಗಿ ಆ ಕರೆಂಟಿನಲ್ಲಿ ನಡೆಯುತ್ತದೆ, ಚಾರ್ಜರು ಬ್ಯಾಟರಿ ತುಂಬುತ್ತದೆ. ದಾರಿಯಲ್ಲಿ ಬ್ಯಾಟರಿ, ಇನ್ವರ್ಟರು. ಮೆಷಿನ್ನಿನೊಳಗೇ ಒಂದು ಸಣ್ಣ ಬ್ಯಾಟರಿ ಇತ್ತು, ಆದರೆ ಅದಕ್ಕೆ ವಯಸ್ಸಾಗಿತ್ತು. ಅದೂ ಕೈಕೊಟ್ಟರೆ ಎಂದು ಕೈಯಿಂದ ಹಿಚುಕಿ ಗಾಳಿ ಕೊಡುವ ರಬ್ಬರಿನ ಚೀಲವೊಂದನ್ನು ಆಸ್ಪತ್ರೆಯವರು ಕೊಟ್ಟು, ಪದ್ಮಳಿಗೆ ಕಲಿಸಿಯೂ ಇದ್ದರು.

ಮೊದಲ ಪ್ರಯಾಣ ಕಾರಮಡೈಗೆ. ಹಳೆಯ ಗೆಳತಿಯೊಬ್ಬರ ಬಾಳೆತೋಟದಲ್ಲಿ ತಂಗಿ ಮಾರನೆಯ ಬೆಳಿಗ್ಗೆ ಹೊರಟ ಸ್ವಲ್ಪ ಹೊತ್ತಿಗೇ ಇನ್ವರ್ಟರು ಕುಂಯ್ ಎಂದು ಕೂಗಿ ಆರಿತು. ಮೆಷಿನ್ನಿನ ಸಣ್ಣ ಬ್ಯಾಟರಿಯ ಮೇಲೆಯೇ ಜೀವ ಕೈಯಲ್ಲಿ ಹಿಡಿದು ಮನೆ ಸೇರಿದೆವು. ಅಕ್ಕ ಮಲಗಿದಲ್ಲೇ ತೀರ್ಪು ಕೊಟ್ಟಳು. "ಇನ್ವರ್ಟರು ಹೋಯ್ತು. ಸೆಕೆಂಡ್ ಹ್ಯಾಂಡ್ ತಕ್ಕೋಬ್ಯಾಡ ಅಂದೆ, ಕೇಳಿದ್ಯಾ? ಹೊಸದು ಹಾಕ್ಸು." ಕುರಿಚಿಯಲ್ಲಿ ಅವಳ ಕೈಕೆಳಗೆ ಕೆಲಸ ಕಲಿತು ಈಗ ಸ್ವಂತ ಅಂಗಡಿ ಇಟ್ಟಿದ್ದ ಸೆಲ್ವರಾಜ್ ಹೊಸ ಇನ್ವರ್ಟರು ಕೂರಿಸಿದ. ವ್ಯಾನು ಹೇಗೂ ನಿಂತಿದೆಯಲ್ಲ ಎಂದು ಬ್ಯಾಟರಿಗಳನ್ನು ತನ್ನ ಅಂಗಡಿಯ ಚಾರ್ಜರಿಗೆ ಹಾಕಿ ತುಂಬಿಸಿಯೂ ಕೊಟ್ಟ. ಅದರ ಕಡೆ ಯಾರ ಗಮನವೂ ಹೋಗಲಿಲ್ಲ. ಎಲ್ಲ ಚೆನ್ನಾಗಿ ನಡೆಯಿತು. ರೋಗ ಸಿಕ್ಕಿತು, ವಾಸಿಯಾಯಿತು ಎಂದುಕೊಂಡೆವು.

ಮುಂದಿನ ವಾರ ವಳ್ಳಿಯ ಊರಿಗೆ ಹೊರಟೆವು. ಧಾರಾಪುರದ ಆಚೆ ಒಂದು ಹಳ್ಳಿ. ಪಲ್ಲಡದ ಹತ್ತಿರ ಒಂದು ಕಲ್ಯಾಣಮಂಟಪದ ಅಂಗಳದಲ್ಲಿ ರಾತ್ರಿ ತಂಗಿ, ಪ್ಲಗ್ಗಿಗೆ ವೈರು ಕೊಟ್ಟೆ. ಚಾರ್ಜರಿನ ಕೆಂಪು ದೀಪ ಉರಿಯಿತು. ಅಕ್ಕ ಅದನ್ನು ನೋಡಿ, "ಉರೀತಾ? ಸರಿ, ಮಲಗು" ಎಂದಳು.

ಮಾರನೆಯ ದಿನ ಕುಂಡಡಂ ದಾಟಿದ ಮೇಲೆ ಎರಡೂ ಕಡೆ ಗಾಳಿಯಂತ್ರಗಳು. ಬೋಳು ಹೊಲಗಳ ನಡುವೆ ಕಣ್ಣು ಹೋದಷ್ಟು ದೂರವೂ ಬಿಳಿ ರೆಕ್ಕೆಗಳು ಸುತ್ತುತ್ತಿದ್ದವು. ಅಕ್ಕ ಕಿಟಕಿಯಿಂದ ಅದನ್ನೇ ನೋಡುತ್ತಿದ್ದಳು. ಆಗ ಇನ್ವರ್ಟರು ಮತ್ತೆ ಅದೇ ಕೂಗು ಕೂಗಿತು. ಆರಿತು.

ವ್ಯಾನು ಓಡಿಸುತ್ತಲೇ ಪ್ಲಗ್ಗು ಸಿಗುವ ಜಾಗ ಹುಡುಕಿದೆ. ರಸ್ತೆ ಪಕ್ಕದಲ್ಲಿ ಒಂದು ಅಕ್ಕಿ ಗಿರಣಿ ಕಂಡಿತು. ಒಳಗೆ ಓಡಿದೆ. ಕೂತಿದ್ದವನು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದ. "ಕರೆಂಟ್ ಇಲ್ಲೀಂಗ. ಇನ್ನಿಕ್ಕಿ ಷಟ್‌ಡೌನ್. ಸಾಯಂಗಾಲಂ ದಾನ್ ವರುಂಗ." ತಿಂಗಳಿಗೊಮ್ಮೆ ಲೈನು ದುರಸ್ತಿಗೆಂದು ಸಂಜೆವರೆಗೆ ಕರೆಂಟು ತೆಗೆಯುವ ದಿನ ಅದು. ಸುತ್ತಲಿನ ಊರುಗಳಲ್ಲಿ ಎಲ್ಲೂ ಇಲ್ಲ ಎಂದ.

ಧಾರಾಪುರದತ್ತ ಓಡಿಸಿದೆ. ಅಷ್ಟರಲ್ಲಿ ಮೆಷಿನ್ನಿನ ಸಣ್ಣ ಬ್ಯಾಟರಿಯೂ ಮುಗಿಯಿತೆಂದು ಎಚ್ಚರಿಕೆಯ ಗಂಟೆ ಬಡಿಯತೊಡಗಿತು. ಪದ್ಮ ಚೀಲ ಹಿಡಿದಳು. ರಸ್ತೆ ಅಗಲ ಮಾಡುತ್ತೇವೆಂದು ಅಲ್ಲೆಲ್ಲ ಅಗೆದು ಹಾಕಿದ್ದರು. ಪ್ರತಿ ಗುಂಡಿಗೂ ಮಾಸ್ಕು ಮುಖದಿಂದ ಜಾರುತ್ತಿತ್ತು. "ನಿಲ್ಸ್ರೀ! ಗಾಳಿ ಒಳಗೇ ಹೋಗ್ತಿಲ್ಲ, ನಿಲ್ಸ್ರೀ!" ಎಂದು ಪದ್ಮ ಕಿರುಚಿದಳು. ಕನ್ನಡಿಯಲ್ಲಿ ನೋಡಿದೆ. ಅಕ್ಕನ ತುಟಿ ನೇರಳೆಹಣ್ಣು ತಿಂದಂತಾಗಿತ್ತು.

ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆ. ನಿಂತ ಮೇಲೆ ಗಾಳಿ ಹೋಗತೊಡಗಿತು, ಬಣ್ಣ ಸ್ವಲ್ಪ ತಿರುಗಿತು. ಆಂಬುಲೆನ್ಸಿಗೆ ಫೋನು ಮಾಡಿದೆ. ಇರುವ ಗಾಡಿ ಬೇರೆ ಕರೆಯಲ್ಲಿದೆ, ಅರ್ಧ ಗಂಟೆಗೂ ಹೆಚ್ಚಾಗಬಹುದು ಎಂದರು. ಅಕ್ಕನಿಗೆ ಅದು ಕೇಳಿಸಿತ್ತು. ಅವಳು ನನ್ನನ್ನೇ ನೋಡಿದಳು. ಆಂಬುಲೆನ್ಸ್ ಬಂದರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ಆ ಬಾಗಿಲು. ಬರದೇ ಹೋದರೆ ಪದ್ಮಳ ಎರಡು ಕೈ. ನಾನು ಯಾವುದಕ್ಕೆ ಹರಕೆ ಹೊರಬೇಕೋ ತಿಳಿಯದೆ ನಿಂತೆ.

ಹಾಸಿಗೆಯ ಹಲಗೆ ಎತ್ತಿ ಇನ್ವರ್ಟರನ್ನು ನೋಡಿದೆ. ಹೊಸದು, ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿರಲಿಲ್ಲ. ಸೆಲ್ವರಾಜ್‌ಗೆ ಫೋನು ಹಚ್ಚಿ ಬಾಯಿಗೆ ಬಂದದ್ದು ಬೈದೆ. ಅವನು ಗಾಬರಿಯಾಗಿ ಫ್ಯೂಸ್ ನೋಡಿ ಎಂದ. ಫ್ಯೂಸ್ ಸರಿಯಿತ್ತು. ಕರೆಂಟು ಅಳೆಯುವ ಅಕ್ಕನ ಮೀಟರು ಯಾವಾಗಲೂ ವ್ಯಾನಿನಲ್ಲೇ ಇರುತ್ತಿತ್ತು. ಬ್ಯಾಟರಿಗೆ ಅದರ ಕಡ್ಡಿಗಳನ್ನು ಇಟ್ಟೆ. ಹನ್ನೆರಡು ವೋಲ್ಟಿಗಿಂತ ಮೇಲೆ ತೋರಿಸಿತು. "ಬ್ಯಾಟ್ರಿ ಚೆನ್ನಾಗೈತೆ ಅಕ್ಕಾ. ಇನ್ವರ್ಟರೇ ಕೆಟ್ಟೋಗೈತೆ. ಹೊಸದೂ ಕೆಟ್ಟೋಗೈತೆ!" ಎಂದು ಅಳುವ ದನಿಯಲ್ಲಿ ಕೂಗಿದೆ.

ಅವಳು ಕಣ್ಣಿನಲ್ಲೇ ಇಲ್ಲ ಎಂದಳು. ಪದ್ಮ ಒಮ್ಮೆ ಹಿಚುಕಿ ಮಾಸ್ಕನ್ನು ತುಸು ಎತ್ತಿದಳು. ಒಂದು ಹಿಚುಕಿಗೆ ಒಂದು ಮಾತು, ಅಷ್ಟೇ ಉಸಿರು ಅವಳಲ್ಲಿ ಇದ್ದದ್ದು.

"ಲೋಡು..."

ಮಾಸ್ಕು ಇಳಿಯಿತು. ಗಾಳಿ. ಮತ್ತೆ ಎತ್ತಿದಳು.

"...ಕೊಟ್ಟು..."

"...ಅಳೆ."

ಕೆಲಸ ಕೊಟ್ಟು ಅಳೆಯಬೇಕು. ಬ್ಯಾಟರಿಗೆ ನೇರವಾಗಿ ಜೋಡಿಸಿದ್ದ ಫ್ಯಾನನ್ನೂ ದೀಪಗಳನ್ನೂ ಒಟ್ಟಿಗೆ ಹಾಕಿದೆ. ಮೀಟರಿನ ಅಂಕಿ ನಾನು ನೋಡುತ್ತಿದ್ದಂತೆಯೇ ಜಾರಿ ಜಾರಿ ಹತ್ತರ ಹತ್ತಿರ ಬಂತು. ಫ್ಯಾನು ಒಂದೆರಡು ಸುತ್ತು ಎಳೆದು ನಿಂತಿತು. ಓದಿ ಹೇಳಿದೆ. ಅಕ್ಕ ಕಣ್ಣು ಮುಚ್ಚಿದಳು. ಹೋದಳೇ ಎಂದುಕೊಂಡೆ. ಮತ್ತೆ ತೆರೆದಳು.

"ಖಾಲಿ..."

"...ಚಾರ್ಜರು..."

"...ಸತ್ತಿದೆ."

ಆಗ ನನಗೂ ಹೊಳೆಯಿತು. ಇನ್ವರ್ಟರು ಮೊದಲಿನದೂ ಕೆಟ್ಟಿರಲಿಲ್ಲ, ಹೊಸದೂ ಕೆಟ್ಟಿಲ್ಲ. ಹೊಟ್ಟೆಗಿಲ್ಲದೆ ಕೂಗಿಕೊಂಡಿತ್ತು, ಅಷ್ಟೇ. ದೀಪ ಉರಿಸಿಕೊಂಡು ಕೂತಿದ್ದ ಚಾರ್ಜರು ರಾತ್ರಿಯೆಲ್ಲ ಬ್ಯಾಟರಿಗೆ ಏನನ್ನೂ ಕೊಟ್ಟಿರಲಿಲ್ಲ. ಹೋದ ವಾರ ಸೆಲ್ವರಾಜ್ ತನ್ನ ಅಂಗಡಿಯಲ್ಲಿ ತುಂಬಿಸಿದ್ದರ ಮೇಲೆ ನಾವು ಇಷ್ಟು ದೂರ ಬಂದಿದ್ದೆವು.

ಗೊತ್ತಾಗಿ ಏನು ಬಂತು? ಖಾಲಿ ಬ್ಯಾಟರಿ, ಕರೆಂಟಿಲ್ಲದ ಸೀಮೆ. ಪದ್ಮ ಚೀಲವನ್ನು ಕೈ ಬದಲಿಸಿ ಹಿಡಿದಳು. "ರೀ, ಬೆರಳು ಮರಗಟ್ತಿದೆ" ಎಂದಳು. ನಾನು ಚೀಲ ತೆಗೆದುಕೊಳ್ಳಲು ಹೋದರೆ ಬಿಡಲಿಲ್ಲ. "ನಿಮಗೆ ಬರಲ್ಲ, ಬೇಡ. ನೀವು ಏನಾದ್ರೂ ಮಾಡಿ."

"ಇಂಜಿನ್..." ಎಂದಳು ಅಕ್ಕ. ಮುಂದಿನ ಮಾತಿಗೆ ಕಾಯಬೇಕಾಗಿ ಬಂತು. "...ಬ್ಯಾಟ್ರಿ."

ವ್ಯಾನಿನ ಇಂಜಿನ್ನಿಗೆ ಅದರದೇ ಬ್ಯಾಟರಿ, ಡ್ರೈವರ್ ಸೀಟಿನ ಅಡಿಯಲ್ಲಿ. ಇಂಜಿನ್ ನಡೆಯುತ್ತಿದ್ದರೆ ಅದು ತುಂಬುತ್ತಲೇ ಇರುತ್ತದೆ. ಅಲ್ಲಿಂದ ಹಾಸಿಗೆಯ ಅಡಿಗೆ ಕರೆಂಟು ತರಬೇಕು, ಅದಕ್ಕೆ ದಪ್ಪ ವೈರು ಬೇಕು. ನಮ್ಮಲ್ಲಿ ಇರಲಿಲ್ಲ. ರಸ್ತೆಗೆ ಓಡಿ ಎರಡು ಕೈ ಎತ್ತಿ ನಿಂತೆ. ಎರಡು ಕಾರು ನಿಲ್ಲದೆ ಹೋದವು. ತೆಂಗಿನಕಾಯಿ ತುಂಬಿದ ಲಾರಿಯೊಂದು ನಿಂತಿತು. "ಎನ್ನಾಚ್ಚುಂಗಣ್ಣಾ?" ಎಂದ ಡ್ರೈವರು. ಏನಾಯ್ತಣ್ಣಾ? ನಾನು ಅಳುತ್ತ ಏನು ಹೇಳಿದೆನೋ, ಅವನು ವ್ಯಾನಿನೊಳಗೆ ಒಮ್ಮೆ ಇಣುಕಿ ನೋಡಿ, ಮಾತಿಲ್ಲದೆ ಹೋಗಿ ಸೀಟಿನ ಹಿಂದಿನಿಂದ ಜಂಪರ್ ಕೇಬಲ್ ತಂದ.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಕಿಡಿ ಹಾರಿತು. ಕೇಬಲ್ ಮುಟ್ಟಿಯೂ ಮುಟ್ಟದಷ್ಟು ಉದ್ದ. ಅವನು ಹಾಸಿಗೆಯ ಅಡಿಯಲ್ಲಿ ಮಂಡಿಯೂರಿ ಇಕ್ಕಳದಂಥ ಹಿಡಿಯನ್ನು ಜಾರದಂತೆ ಒತ್ತಿ ಹಿಡಿದ. ನಾನು ಇಂಜಿನ್ ಎಬ್ಬಿಸಿ ಆಕ್ಸಿಲೇಟರ್ ಒತ್ತಿದೆ. ಇನ್ವರ್ಟರು ಒಮ್ಮೆ ಕೂಗಿತು. ಆರಿತು. "ಇನ್ನುಂ ಕೊಂಜಂ ಕುಡುಂಗ!" ಎಂದು ಅವನು ಅಡಿಯಿಂದ ಕೂಗಿದ. ಇನ್ನೂ ಒತ್ತಿದೆ. ಸ್ವಲ್ಪ ಹೊತ್ತು ಹಾಗೇ ಕಾದ ಮೇಲೆ ಅವನು ಒಂದು ಕೈಯಲ್ಲಿ ಇನ್ವರ್ಟರಿನ ಸ್ವಿಚ್ಚು ಹಾಕಿದ. ಈ ಸಲ ಅದು ಕೂಗಲಿಲ್ಲ, ಗುಂಯ್ ಎಂದು ನಿಂತುಕೊಂಡಿತು. ಅಕ್ಕನ ಮೆಷಿನ್ ಉಸಿರೆಳೆಯಿತು.

ಪದ್ಮಳಿಗೆ ಅದು ತಿಳಿಯಲೇ ಇಲ್ಲ. ಹಿಚುಕುತ್ತಲೇ ಇದ್ದಳು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚೀಲ ತೆಗೆದು, ಅಕ್ಕನಿಗೆ ಮೆಷಿನ್ನಿನ ಮಾಸ್ಕು ಕಟ್ಟಿದೆ. ಪದ್ಮ ನೆಲದ ಮೇಲೆ ಕೂತಳು.

ಆಂಬುಲೆನ್ಸ್ ಬಂದದ್ದು ಆಮೇಲೆ. ಅದರಲ್ಲಿದ್ದ ಹುಡುಗಿ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ಈಗ ಪರವಾಗಿಲ್ಲ, ಆದರೂ ಆಸ್ಪತ್ರೆಗೆ ಬರಲೇಬೇಕು ಎಂದಳು. ಪದ್ಮ ಎದ್ದು ನಿಂತಳು. "ಹೋಗೋಣ ಅತ್ತಿಗೆ. ನಿಮ್ಮ ದಮ್ಮಯ್ಯ. ನೀವು ಮಾಡಿಸ್ಕೊಂಡ ಸತ್ಯ ನನಗೆ ಬೇಡ. ನಿಮ್ಮ ಉಸಿರು ನನ್ನ ಕೈಲಿದೆ ಅಂದ್ರೆ ನನಗೆ ಎಷ್ಟು ಭಯ ಆಗುತ್ತೆ ಗೊತ್ತಾ? ನನ್ನ ಕೈಲಿ ಇನ್ನಾಗಲ್ಲ."

ಅಕ್ಕ ಕಣ್ಣನ್ನು ಅವಳ ಕಡೆ ಹೊರಳಿಸಿದಳು. ಮಾಸ್ಕಿನೊಳಗಿಂದ ಮಾತು ಮಬ್ಬಾಗಿ ಬಂತು. "ನಿನಗೆ ಆಗಲ್ಲ ಅಂದ್ರೆ ಹೋಗಾನ, ನನ್ನ ಕಣ್ಣು. ನಿನ್ನ ಕೈಮೇಲೆ ಭಾರ ಹಾಕ್ಬುಟ್ಟು ನಾನು ಸತ್ಯ ಕೇಳಬಾರ್ದಿತ್ತು."

ಅವಳು ಯಾರಿಗೂ ಹೀಗೆ ಬಗ್ಗಿದ್ದನ್ನು ನಾನು ಕಂಡಿರಲಿಲ್ಲ. ಪದ್ಮ ಅತ್ತಳು. ವ್ಯಾನಿನಿಂದ ಇಳಿದು ಮರಕ್ಕೆ ಒರಗಿ, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಬಂದು ಆ ಹುಡುಗಿಗೆ ತನ್ನ ಹರಕು ತಮಿಳಿನಲ್ಲಿ, "ನಾಂಗ ವರಲೆಮ್ಮಾ. ನೀ ಪೋ" ಎಂದಳು. ನಾವು ಬರಲ್ಲ, ನೀನು ಹೋಗು. ನನ್ನ ಕಡೆ ತಿರುಗಿ, "ಇಂಜಿನ್ ಆರಿಸ್ಬೇಡಿ" ಎಂದಳು.

ಲಾರಿಯವನು ಕೇಬಲನ್ನು ವೈರಿನ ತುಂಡಿನಿಂದ ಬಿಗಿದು ಕಟ್ಟಿ, ನಮಗೇ ಬಿಟ್ಟುಕೊಟ್ಟು ಹೋದ. ಹೆಸರು ಕೇಳಲೂ ನನಗೆ ತೋಚಲಿಲ್ಲ. ನಿಧಾನವಾಗಿ ವಳ್ಳಿಯ ಮನೆ ಸೇರಿದೆವು. ಕರೆಂಟು ಬರುವ ತನಕ ಅವಳ ಅಂಗಳದಲ್ಲಿ ವ್ಯಾನು ಗುರುಗುಟ್ಟುತ್ತಲೇ ನಿಂತಿತ್ತು. ಮಂಡಿಯವರೆಗೆ ಜಡೆ ಬಿಟ್ಟಿದ್ದ ಮುದುಕಿ ವಳ್ಳಿ ಹಾಸಿಗೆಯ ಪಕ್ಕ ಕೂತು ಅಕ್ಕನ ಕಾಲು ಒತ್ತುತ್ತಿದ್ದಳು. ಡೀಸೆಲ್ ಹೊಗೆಗೆ ಇಬ್ಬರೂ ಕೆಮ್ಮುತ್ತ ನಗುತ್ತಿದ್ದರು.

ಕುರಿಚಿಗೆ ಬಂದ ಮೇಲೆ ಸೆಲ್ವರಾಜ್ ಚಾರ್ಜರನ್ನು ಅಕ್ಕನ ಕಣ್ಣೆದುರಿಗೇ ಬಿಚ್ಚಿದ. ಬ್ಯಾಟರಿಯ ಕಡೆ ಹೋಗುವ ಭಾಗ ಒಳಗೆ ಸುಟ್ಟು ಕರಿಯಾಗಿತ್ತು. ಕೆಂಪು ದೀಪ ಇದ್ದದ್ದು ಈಚೆ, ಗೋಡೆಯಿಂದ ಕರೆಂಟು ಬರುವ ಕಡೆ. "ಬಂದ್ರೆ ಉರೀತದೆ. ಆಚೆ ಹೋಯ್ತಾ ಇಲ್ವಾ ಅದಕ್ಕೇನ್ ಗೊತ್ತು?" ಎಂದಳು ಅಕ್ಕ. "ನಲವತ್ತು ವರ್ಷ ಹುಡುಗೀರಿಗೆ ಹೇಳ್ಕೊಟ್ಟೆ, ದೀಪ ನಂಬಬ್ಯಾಡಿ, ಮೀಟರ್ ನಂಬಿ ಅಂತ. ನಾನೇ ದೀಪ ನೋಡಿ ಮಲಗ್ದೆ." ಹೊಸ ಚಾರ್ಜರು ಬಂತು. ಇಂಜಿನ್ನಿನಿಂದಲೂ ಬ್ಯಾಟರಿ ತುಂಬುವಂತೆ ವೈರು ಎಳೆಸಿದಳು. ಅವಳು ಮಲಗಿದಲ್ಲಿಂದಲೇ ಕಾಣುವಂತೆ ಒಂದು ಮೀಟರು ವ್ಯಾನಿನ ಗೋಡೆಗೆ ಬಂತು. ಅಂಕಿ ಸ್ವಲ್ಪ ಇಳಿದರೂ, "ಲಿಂಗೂ!" ಎಂದು ಕರೆಯುತ್ತಿದ್ದಳು. ಆ ಕರೆಗೆ ನಾನು ಪ್ರತಿಸಲವೂ ಬೆಚ್ಚುತ್ತಿದ್ದೆ. ಪದ್ಮ ಮಾತ್ರ ಆ ದಿನದ ಮೇಲೆ ನಿದ್ದೆಯಲ್ಲೂ ಬೆರಳು ಮಡಚಿ ಬಿಡಿಸಿ ಮಾಡುತ್ತಿದ್ದಳು.

ಆಮೇಲೆ ಕಾಂಗೇಯಕ್ಕೆ ಹೋದೆವು, ಉಡುಮಲೆಗೆ ಹೋದೆವು. ಅಷ್ಟರಲ್ಲಿ ಅವಳ ನುಂಗುವ ಶಕ್ತಿ ಹೋಯಿತು. ದೂರದ ಪ್ರಯಾಣ ಇನ್ನು ಬೇಡ ಎಂದು ಅವಳೇ ಹೇಳಿದಳು. ಆದರೂ ಮಧ್ಯಾಹ್ನವಾದರೆ ವ್ಯಾನಿಗೇ ಹೋಗಬೇಕು. ಅದು ನಮ್ಮ ಬೀದಿಯಲ್ಲಿ, ಮನೆ ಮುಂದೆಯೇ ನಿಂತಿರುತ್ತಿತ್ತು. ಮಲಗಿದರೆ ಕಿಟಕಿಯಿಂದ ಬೀದಿಯೆಲ್ಲ ಕಾಣುತ್ತಿತ್ತು. ಹೋಗಿ ಬರುವವರ ಬಟ್ಟೆ, ನಡಿಗೆ, ಜಗಳ ಎಲ್ಲದಕ್ಕೂ ಅವಳದೊಂದು ಮಾತು.

ಅವತ್ತು ನಾನು ರಜೆ ಹಾಕಿ ವ್ಯಾನಿನಲ್ಲಿ ಅವಳ ಪಕ್ಕ ಕೂತಿದ್ದೆ. ತಳ್ಳುಗಾಡಿಯ ತರಕಾರಿಯವನು ಕೂಗುತ್ತ ಬಂದ. ಅಕ್ಕ ಕಣ್ಣು ತೆರೆದು ಕಿಟಕಿಯ ಕಡೆ ನೋಡಿದಳು. ಅವಳು ಬಾಯಿಂದ ತಿನ್ನುವುದು ಬಿಟ್ಟು, ಮೂಗಿನ ಕೊಳವೆಯಲ್ಲಿ ಗಂಜಿ ಇಳಿಸತೊಡಗಿ ತಿಂಗಳುಗಳೇ ಆಗಿದ್ದವು.

"ಬೆಂಡೆಕಾಯಿ... ಎಳೇದಾ ನೋಡು" ಎಂದಳು. "ತುದಿ... ಮುರಿದು ನೋಡು."

ಇಳಿದು ಹೋದೆ. ಗಾಡಿಯವನು ಒಂದು ತುದಿ ಮುರಿದರೆ ಗೊಣಗುವವನು, ಅಕ್ಕ ಕೇಳಿದಳು ಎಂದದ್ದಕ್ಕೆ, "ಮುರಿಚ್ಚು ಪಾರುಂಗ" ಎಂದು ತಾನೇ ಒಂದು ಹಿಡಿ ಎತ್ತಿಕೊಟ್ಟ. ಒಂದನ್ನು ಮುರಿದೆ, ಪಟ್ಟೆಂದಿತು. ಇನ್ನೊಂದು ಮುರಿದೆ. ಕೈಗೆ ಲೋಳೆ ಹತ್ತಿತು. ಒಳ್ಳೆಯ ಕಾಯಿ. ಅದನ್ನೇ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.

ಅವಳ ಮುಖ ಕಿಟಕಿಯ ಕಡೆಗೇ ಇತ್ತು. ಕಣ್ಣು ಅರೆತೆರೆದಿದ್ದವು, ರೆಪ್ಪೆ ಬಡಿಯಲಿಲ್ಲ. ಗೋಡೆಯ ಮೀಟರಿನಲ್ಲಿ ಅಂಕಿ ಸರಿಯಾಗಿತ್ತು. ಮೆಷಿನ್ ಗಾಳಿ ಒತ್ತುತ್ತಿತ್ತು, ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಕೆನ್ನೆ ಮುಟ್ಟಿ ನೋಡಿದೆ. ಮತ್ತೊಮ್ಮೆ ಮುಟ್ಟಿದೆ. ಹೊರಗೆ ಗಾಡಿಯವನು, "ಎವ್ವಳವು ಪೋಡಟ್ಟುಂಗ?" ಎಂದು ಕೇಳುತ್ತಿದ್ದ. ಎಷ್ಟು ಹಾಕಲಿ?

"ಎಳೇದೇ ಅಕ್ಕಾ" ಎಂದೆ.